ಮೆಟ್ರೊ ಸುತ್ತಿಕೊಂಡು ಹೋದ ಪೇಟೆ: ನಾಗಪುರದ ಮಹಾಲ್

ನಾಗಪುರ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಕಿತ್ತಳೆ ಹಣ್ಣು. ಸರಿ, ಆಮೇಲೆ? ಬೆಂಗಳೂರಿನಿಂದ ರಾಜಧಾನಿ ಅಥವಾ ಸಂಪರ್ಕ ಕ್ರಾಂತಿ ಹಿಡಿದು ದೆಹಲಿಗೆ ಹೋದವರಿಗೆ, ಸಂಘಮಿತ್ರದಲ್ಲಿ ಬಿಹಾರದ ಕಡೆ ಹೊರಟವರಿಗೆ ಆ ಊರು ದಾರಿಯಲ್ಲಿ ಸಿಗುವ ಒಂದು ಸ್ಟೇಷನ್, ಅಷ್ಟೆ. ಚಹಾ ಕುಡಿದು, ಹಣ್ಣಿನ ಬುಟ್ಟಿಗೆ ಚೌಕಾಸಿ ಮಾಡಿ, ಗಾರ್ಡ್ ಹಸಿರು ಬಾವುಟ ತೋರಿಸೋ ಹೊತ್ತಿಗೆ ಬೋಗಿ ಹತ್ತಿದರೆ ಮುಗಿಯಿತು. ಆ ಸ್ಟೇಷನ್ನಿಂದ ಪೂರ್ವಕ್ಕೆ ಎರಡು-ಮೂರು ಕಿಲೋಮೀಟರ್ ಒಳಗೇ ಊರಿನ ಮೂಲ ಪೇಟೆ ಇದೆ. ಹೆಸರು ಮಹಾಲ್. ಈ ಸಲ ಅಲ್ಲಿಗೆ ಹೋಗಿ ಬರೋಣ. ಹೇಗೆ ಹೋಗೋದು ಅನ್ನೋದೇ ಇವತ್ತಿನ ವಿಷಯ ಕೂಡ!

ಒಂದು ಊರಿನ ಬಸ್ಸು, ಮೆಟ್ರೊ, ಆಟೊ ಎಲ್ಲಿ ಸಲೀಸಾಗಿ ಓಡುತ್ತವೆ, ಎಲ್ಲಿಗೆ ಬಂದಾಗ ಬೇರೆ ದಾರಿ ಹಿಡಿಯುತ್ತವೆ ಅಂತ ಸ್ವಲ್ಪ ಗಮನಿಸಿ ನೋಡಿ. ಯಾವ ಕೇರಿ ಯಾವ ಕಾಲದ್ದು, ಯಾರು ಕಟ್ಟಿಕೊಂಡಿದ್ದು, ಈಗ ಊರಿನ ದುಡ್ಡು ಯಾವ ದಿಕ್ಕಿಗೆ ಹರೀತಿದೆ ಅನ್ನೋದೆಲ್ಲ ಗೊತ್ತಾಗಿಬಿಡುತ್ತೆ. ಅದಕ್ಕೆ ನಾಗಪುರಕ್ಕಿಂತ ಒಳ್ಳೆಯ ಉದಾಹರಣೆ ಸಿಗೋದು ಕಷ್ಟ.

ಮೊದಲು ಮೆಟ್ರೊ ನೋಡೋಣ. 2014ರ ಆಗಸ್ಟ್‌ನಲ್ಲಿ ಶಂಕುಸ್ಥಾಪನೆ ಆಯಿತು. 2019ರ ಮಾರ್ಚ್‌ನಲ್ಲಿ ಮೊದಲ ರೈಲು ಜನರನ್ನು ಹತ್ತಿಸಿಕೊಂಡಿತು. 2022ರ ಡಿಸೆಂಬರ್ 11ಕ್ಕೆ ಮೊದಲನೇ ಹಂತದ ಎರಡೂ ಮಾರ್ಗಗಳು ಈ ತುದಿಯಿಂದ ಆ ತುದಿವರೆಗೆ ತೆರೆದುಕೊಂಡವು. ಒಂದು ಕಿತ್ತಳೆ ಬಣ್ಣದ ಮಾರ್ಗ (ಇನ್ಯಾವ ಬಣ್ಣ ಇಡ್ತಾರೆ ಹೇಳಿ!). ಅದು ಉತ್ತರದ ಆಟೊಮೋಟಿವ್ ಚೌಕದಿಂದ ವಿಮಾನ ನಿಲ್ದಾಣ ದಾಟಿ ಖಾಪರಿಗೆ ಹೋಗುತ್ತೆ. ಇನ್ನೊಂದು ಆಕ್ವಾ ಅಂದರೆ ತಿಳಿನೀಲಿ ಮಾರ್ಗ, ಪೂರ್ವದ ಪ್ರಜಾಪತಿ ನಗರದಿಂದ ಪಶ್ಚಿಮದ ಲೋಕಮಾನ್ಯ ನಗರಕ್ಕೆ. ಎರಡೂ ಸೀತಾಬರ್ಡಿಯಲ್ಲಿ ಕೂಡುತ್ತವೆ. ನಮ್ಮ ಮೆಜೆಸ್ಟಿಕ್ ಇದ್ದ ಹಾಗೆ ಅಂದುಕೊಳ್ಳಿ.

ಈಗ ಸ್ಟೇಷನ್ನುಗಳ ಹೆಸರನ್ನು ಸುಮ್ಮನೆ ಓದಿಕೊಂಡು ಹೋಗಿ. ಪಶ್ಚಿಮಕ್ಕೆ ಹೊರಟರೆ ಇನ್ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್, ಶಂಕರ ನಗರ, ಎಲ್‌ಎಡಿ ಚೌಕ, ಧರಂಪೇಟ್ ಕಾಲೇಜ್, ಸುಭಾಷ್ ನಗರ, ವಾಸುದೇವ ನಗರ, ಬನ್ಸಿ ನಗರ. ದಕ್ಷಿಣಕ್ಕೆ ಕಾಂಗ್ರೆಸ್ ನಗರ, ರಹಾಟೆ ಕಾಲೊನಿ, ಜಯಪ್ರಕಾಶ್ ನಗರ, ಉಜ್ವಲ್ ನಗರ, ಏರ್‌ಪೋರ್ಟ್. ಎಲ್ಲಾ ನಗರ, ಕಾಲೊನಿ, ಕಾಲೇಜು! ಸೈಟು ಹಂಚಿ, ರಸ್ತೆ ಗೆರೆ ಎಳೆದು, ಆಮೇಲೆ ಮನೆ ಕಟ್ಟಿದ ಬಡಾವಣೆಗಳು. ಈಗ ಪೂರ್ವಕ್ಕೆ ತಿರುಗಿ. ಕಾಟನ್ ಮಾರ್ಕೆಟ್, ರೈಲ್ವೆ ಸ್ಟೇಷನ್, ದೋಸರ್ ವೈಶ್ಯ ಚೌಕ, ಅಗ್ರಸೇನ್ ಚೌಕ, ಚಿತಾರ್ ಓಳಿ... ಗಾಳಿಯೇ ಬೇರೆ. ಹತ್ತಿ, ವ್ಯಾಪಾರ, ವರ್ತಕರ ಸಮುದಾಯಗಳು, ಕುಶಲಕರ್ಮಿಗಳು. ಚಿತಾರ್ ಓಳಿ ಅಂದರೆ ಚಿತ್ರಗಾರರ ಸಾಲು, ಗಣಪತಿ ಮೂರ್ತಿ ಮಾಡುವವರ ಬೀದಿ. ಮರಾಠಿಯ ಈ 'ಓಳಿ' ಪದ ಹಳೆಯ ಕನ್ನಡದಲ್ಲೂ ಇದೆ, ಅದೇ ಅರ್ಥದಲ್ಲಿ. ಹುಬ್ಬಳ್ಳಿ-ಧಾರವಾಡದ ಕೇಳುಗರಿಗೆ ತಮ್ಮ ಊರಿನ ಓಣಿಗಳು ನೆನಪಾದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಒಂದು ಹೆಸರು ಮಾತ್ರ ಪಟ್ಟಿಯಲ್ಲಿ ಸಿಗೋದಿಲ್ಲ. ಅದೇ ಮಹಾಲ್. ಊರು ಹುಟ್ಟಿದ ಜಾಗಕ್ಕೆ ಊರಿನ ಮೆಟ್ರೊದಲ್ಲಿ ಸ್ಟೇಷನ್ ಇಲ್ಲ!

ಯಾಕೆ ಅಂತ ತಿಳಿಯಬೇಕಾದರೆ ಸುಮಾರು ಮುನ್ನೂರಿಪ್ಪತ್ತು ವರ್ಷ ಹಿಂದೆ ಹೋಗಬೇಕು. ದೇವಗಢದ ಗೊಂಡ ರಾಜ ಬಖ್ತ್ ಬುಲಂದ್ ಶಾಹ 1702ರ ಸುಮಾರಿಗೆ ನಾಗ ನದಿಯ ದಡದಲ್ಲಿ ಹನ್ನೆರಡು ಪುಟ್ಟ ಹಳ್ಳಿಗಳನ್ನು ಸೇರಿಸಿ ಈ ಊರು ಕಟ್ಟಿದ. ಮಗ ಚಾಂದ್ ಸುಲ್ತಾನ ಅದನ್ನೇ ರಾಜಧಾನಿ ಮಾಡಿಕೊಂಡು ಸುತ್ತ ಕೋಟೆಗೋಡೆ ಎಬ್ಬಿಸಿದ, ಜುಮ್ಮಾ ತಲಾವ್ ಅನ್ನೋ ದೊಡ್ಡ ಕೆರೆ ಮಾಡಿಸಿದ. ಹದಿನೆಂಟನೇ ಶತಮಾನದ ನಡುವೆ ಊರು ರಘುಜಿ ಭೋಸಲೆಯ ಕೈಗೆ ಬಂತು. ಭೋಸಲೆಗಳ ಅರಮನೆ ಇದ್ದ ಕಡೆಯೇ ಮಹಾಲ್. ಅರಮನೆಯ ಸುತ್ತ ಸರದಾರರ ವಾಡೆಗಳು, ಅವುಗಳ ಸುತ್ತ ನೇಕಾರರು, ಎಣ್ಣೆ ತೆಗೆಯುವವರು, ಅಕ್ಕಸಾಲಿಗರು, ಪೂಜಾರಿಗಳು. ನಡುವೆ ಆನೆ ಹೋಗುವಷ್ಟು ಅಗಲದ ಒಂದೆರಡು ಬೀದಿ, ಉಳಿದದ್ದೆಲ್ಲ ಗಲ್ಲಿ.

ಬೇರೆ ಬೇರೆ ಕಡೆ ಬೇರೆ ಬೇರೆ ದಿನ ಸಂತೆ ಕೂಡುತ್ತಿತ್ತು. ಆ ದಿನಗಳೇ ಕೇರಿಗಳ ಹೆಸರಾದವು. ಇತ್ವಾರಿ ಭಾನುವಾರದ್ದು, ಮಂಗಳವಾರಿ, ಬುಧವಾರಿ, ಶುಕ್ರವಾರಿ, ಶನಿವಾರಿ. ನಮ್ಮ ಬೆಂಗಳೂರು ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಅಂತ ಸರಕಿನ ಹೆಸರಿದ್ದರೆ ಇಲ್ಲಿ ವಾರದ ಹೆಸರು. ಎರಡೂ ಕಡೆ ಹೇಳುವ ಸಂಗತಿ ಒಂದೇ: ಇವು ಕಾಲ್ನಡಿಗೆಯ ಊರುಗಳು. ಇವತ್ತು ಈ ಸಂತೆ, ನಾಳೆ ಆ ಸಂತೆ, ತಲೆ ಮೇಲೆ ಬುಟ್ಟಿ, ಬೇಕಾದರೆ ಒಂದು ಎತ್ತಿನ ಗಾಡಿ. ಮಹಾಲಿನ ಬೀದಿಗಳ ಅಳತೆ ನಿಗದಿಯಾಗಿದ್ದು ಆ ಬುಟ್ಟಿಯ ಲೆಕ್ಕದಲ್ಲಿ.

ಬ್ರಿಟಿಷರು ಬಂದ ಮೇಲೆ ಊರಿನ ತಕ್ಕಡಿ ಪಶ್ಚಿಮಕ್ಕೆ ವಾಲಿತು. 1817ರ ನವೆಂಬರ್‌ನಲ್ಲಿ ಸೀತಾಬರ್ಡಿ ಗುಡ್ಡದ ಮೇಲೆ ಭೋಸಲೆ ಸೈನ್ಯ ಸೋತಿತು. 1850ರ ದಶಕದಲ್ಲಿ ರಾಜ್ಯವೇ ಕಂಪನಿ ಪಾಲಾಯಿತು. 1861ರಲ್ಲಿ ನಾಗಪುರ ಸೆಂಟ್ರಲ್ ಪ್ರಾವಿನ್ಸಸ್‌ನ ರಾಜಧಾನಿ ಆಯಿತು. ಗುಡ್ಡದ ಆಚೆ ಸಿವಿಲ್ ಲೈನ್ಸ್, ಮರದ ನೆರಳಿನ ಅಗಲ ರಸ್ತೆ, ಬಂಗಲೆ, ಕಚೇರಿ. ಗುಡ್ಡದ ಈಚೆ ಹಳೆ ಊರು. 1867ರಲ್ಲಿ ಮುಂಬೈ ಕಡೆಯಿಂದ ರೈಲು ಬಂತು. ಹಳಿ ಉತ್ತರ-ದಕ್ಷಿಣವಾಗಿ ಸರಿಯಾಗಿ ಎರಡರ ನಡುವೆ ಬಿತ್ತು. ಇವತ್ತಿಗೂ ನಾಗಪುರದವರು ಪೂರ್ವ ನಾಗಪುರ, ಪಶ್ಚಿಮ ನಾಗಪುರ ಅನ್ನುವಾಗ ಬರೀ ದಿಕ್ಕು ಹೇಳ್ತಿರೋದಿಲ್ಲ!

ರೈಲಿನ ಹಿಂದೆಯೇ ಗಿರಣಿ ಬಂತು. 1877ರ ಜನವರಿ 1ರಂದು ಜಮ್‌ಷೆಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ ಶುರುವಾಯಿತು, ಅದೇ ಜುಮ್ಮಾ ಕೆರೆಯ ಹತ್ತಿರ. ಮಹಾಲ್ ಸುತ್ತಿನ ಕೇರಿಗಳಿಂದ ಕಾರ್ಮಿಕರು ಭೋಂಗಾ ಕೂಗಿದ ಕೂಡಲೇ ನಡೆದು ಹೋಗಬಹುದಾದ ದೂರ. ಒಂದು ಇಡೀ ಕೈಗಾರಿಕಾ ಪೇಟೆ ಬಸ್ಸಿನ ಹಂಗಿಲ್ಲದೆ ತಲೆಮಾರುಗಟ್ಟಲೆ ನಡೆಯಿತು. ಮಿಲ್ ಮುಚ್ಚಿ ಈಗ ಅಲ್ಲಿ ಮಾಲ್ ಎದ್ದಿದೆ. ಇಂದಿನ ಕೆಲಸ ದೂರದ ಹಿಂಗಣಾ ಎಂಐಡಿಸಿಯಲ್ಲೋ ವಿಮಾನ ನಿಲ್ದಾಣದ ಪಕ್ಕದ ಮಿಹಾನ್‌ನಲ್ಲೋ ಇದೆ. ಮಹಾಲಿನ ಹುಡುಗನಿಗೆ ವಾಹನದ ಸಮಸ್ಯೆ ಶುರುವಾಗಿದ್ದು ಮನೆ ದೂರವಾಗಿದ್ದರಿಂದ ಅಲ್ಲ, ಕೆಲಸ ದೂರ ಓಡಿದ್ದರಿಂದ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಸರಿ, ಮೆಟ್ರೊ ವಿಷಯಕ್ಕೆ ವಾಪಸ್ ಬರೋಣ. ಪೂರ್ವದ ಕಡೆ ಅದು ಹೋಗೋದು ಸೆಂಟ್ರಲ್ ಅವೆನ್ಯೂ ಮೇಲೆ. ಈ ರಸ್ತೆ ಭೋಸಲೆಗಳ ಕಾಲದ್ದಲ್ಲ. 1936ರ ಕಾಯ್ದೆಯ ಪ್ರಕಾರ ಹುಟ್ಟಿದ ನಾಗಪುರ ಇಂಪ್ರೂವ್‌ಮೆಂಟ್ ಟ್ರಸ್ಟ್‌ನ ಯೋಜನೆ. ನಮ್ಮಲ್ಲಿ ಬಿಡಿಎಗೂ ಮುಂಚೆ ಸಿಐಟಿಬಿ ಇತ್ತಲ್ಲ, ಆ ಥರದ್ದು. ಹಳೆ ಊರಿನ ನಡುವೆ ಉದ್ದಕ್ಕೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಅಗಲ ರಸ್ತೆ ತಂದರು. ಇತ್ವಾರಿ ಒಂದು ಕಡೆ, ಮಹಾಲ್ ಇನ್ನೊಂದು ಕಡೆ ಉಳಿಯಿತು. ಎಷ್ಟೋ ದಶಕ ಆದ ಮೇಲೆ ಮೆಟ್ರೊ ಎಂಜಿನಿಯರುಗಳು ಕಂಬ ನಿಲ್ಲಿಸೋಕೆ ಜಾಗ ಹುಡುಕಿದಾಗ ಸಿಕ್ಕಿದ್ದು ಅದೇ ಗೆರೆ. ಹಾಗಾಗಿ ಮೆಟ್ರೊ ಹಳೆ ಪೇಟೆಗೆ ಬಂತು ಅನ್ನೋದು ಅರ್ಧ ಸತ್ಯ. ಅದು ಬಂದಿದ್ದು ಪೇಟೆಯನ್ನು ಆಗಲೇ ಕತ್ತರಿಸಿ ಮಾಡಿದ್ದ ರಸ್ತೆಗೆ.

ಬೇರೆ ದಾರಿ ಇರಲಿಲ್ಲವೇ? ಇತ್ತು, ನೆಲದಡಿ. ಬೆಂಗಳೂರಿನ ಮೊದಲ ಹಂತದ ಸುಮಾರು 42 ಕಿಲೋಮೀಟರಿನಲ್ಲಿ ಹತ್ತಿರ ಹತ್ತಿರ 9 ಕಿಲೋಮೀಟರ್ ಸುರಂಗ. ಅದರಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಕೆಳಗೇ ನುಸುಳಿ ಹೋಗುತ್ತೆ. 2017ರ ಜೂನ್‌ನಲ್ಲಿ ಚಿಕ್ಕಪೇಟೆ ಸ್ಟೇಷನ್ ತೆರೆದಾಗ ಸೀರೆ ಅಂಗಡಿಗೆ ಹೋಗೋ ಹೆಣ್ಣುಮಕ್ಕಳಿಗೆ ಅದೆಷ್ಟು ಅನುಕೂಲ ಆಯಿತು ಅಂತ ನಮ್ಮ ಕೇಳುಗರಿಗೆ ಹೇಳಬೇಕಾಗಿಲ್ಲ. ಮೆಟ್ಟಿಲು ಹತ್ತಿ ಮೇಲೆ ಬಂದರೆ ನೇರ ಪೇಟೆಯೊಳಗೇ! ಆದರೆ ಸುರಂಗಕ್ಕೆ ದುಡ್ಡು ಸುರಿಯಬೇಕು, ವರ್ಷಗಟ್ಟಲೆ ಕಾಯಬೇಕು. ನಾಗಪುರದ ಮೊದಲ ಹಂತದಲ್ಲಿ ಒಂದೇ ಒಂದು ಸುರಂಗವೂ ಇಲ್ಲ. ಮಂಜೂರಾಗಿದ್ದ ವೆಚ್ಚ 8,680 ಕೋಟಿ ರೂಪಾಯಿ. ಖರ್ಚಿನ ದೃಷ್ಟಿಯಿಂದ ಅವರ ಲೆಕ್ಕ ತಪ್ಪು ಅನ್ನೋಕಾಗಲ್ಲ. ಆ ಲೆಕ್ಕದ ಹೊರಗೆ ಉಳಿದವರು ಯಾರು ಅಂತ ಕೇಳೋದು ಮಾತ್ರ ನಮ್ಮ ಹಕ್ಕು.

ಈಗ ನೀವೇ ಮಹಾಲಿಗೆ ಹೊರಟಿದ್ದೀರಿ ಅಂತಿಟ್ಟುಕೊಳ್ಳಿ. ರೈಲ್ವೆ ಸ್ಟೇಷನ್ನಿನಲ್ಲಿ ಮೆಟ್ರೊ ಹತ್ತಿ ಅಗ್ರಸೇನ್ ಚೌಕದಲ್ಲೋ ಚಿತಾರ್ ಓಳಿಯಲ್ಲೋ ಇಳಿಯಿರಿ. ಎಸಿಯಿಂದ ಹೊರಗೆ ಬಂದು ದಕ್ಷಿಣಕ್ಕೆ ತಿರುಗಿದರೆ ಗಾಂಧಿಬಾಗ್ ಬಟ್ಟೆ ಮಾರುಕಟ್ಟೆಯ ಗದ್ದಲ. ಆಮೇಲಿನ ಒಂದು ಕಿಲೋಮೀಟರ್ ಇದೆಯಲ್ಲ, ಅದು ಮೆಟ್ರೊ ಹೇಳಿದ ಹಾಗೆ ನಡೆಯೋದಿಲ್ಲ. ಕೈಗಾಡಿ, ಸೈಕಲ್, ಸ್ಕೂಟಿ, ಬಟ್ಟೆ ಮೂಟೆ ಹೊತ್ತ ಹಮಾಲಿ, ಮಧ್ಯದಲ್ಲೊಂದು ಹಸು. ಆಟೊದವರು "ಒಳಗೆ ಬರಲ್ಲ, ಚೌಕದಲ್ಲಿ ಬಿಡ್ತೀನಿ" ಅಂದರೆ ಕೋಪ ಮಾಡ್ಕೋಬೇಡಿ. ಒಳಗೆ ಹೋದ ಆಟೊ ಹಿಂದೆ ತಿರುಗಿಸೋಕೆ ಎಷ್ಟು ಹೊತ್ತು ಬೇಕು ಅಂತ ಅವರಿಗೆ ಗೊತ್ತು.

ಇಂಥ ಕಡೆ ನಿಜವಾದ ಸಾರ್ವಜನಿಕ ಸಾರಿಗೆ ಅಂದರೆ ಮೂರು ಚಕ್ರದ್ದೇ. ಹಿಂದೆ ಸೈಕಲ್ ರಿಕ್ಷಾ ಇತ್ತು. ಈಗ ಆ ಕೆಲಸದ ದೊಡ್ಡ ಪಾಲನ್ನು ಇ-ರಿಕ್ಷಾ ಎತ್ತಿಕೊಂಡಿದೆ. 2015ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಇದನ್ನು ಸಕ್ರಮ ಮಾಡಿದ ಮೇಲೆ ದೇಶದ ಹಳೆ ಪೇಟೆಗಳಿಗೆಲ್ಲ ಇದು ನುಗ್ಗಿತು. ಸದ್ದಿಲ್ಲ, ಹೊಗೆಯಿಲ್ಲ, ಇಕ್ಕಟ್ಟಿನಲ್ಲಿ ತಿರುಗುತ್ತೆ, ನಾಲ್ಕು ಜನ ಹಂಚಿಕೊಂಡು ಹೋಗಬಹುದು. ಅದು ಎಲ್ಲಿ ಬೇಕೆಂದರಲ್ಲಿ ನಿಲ್ಲುತ್ತೆ ಅಂತ ಟ್ರಾಫಿಕ್ ಪೊಲೀಸರು ಬೈಯ್ಯುತ್ತಾರೆ. ಮಂಡಿನೋವಿನ ಅಜ್ಜಿ ಅದೇ ಕಾರಣಕ್ಕೆ ಅದನ್ನು ಹೊಗಳುತ್ತಾಳೆ. ನನ್ನ ಮತ ಅಜ್ಜಿಗೇ!

ಬಸ್ಸಿನ ಕಥೆ ಸ್ವಲ್ಪ ಬೇಸರದ್ದು, ಬೇಗ ಹೇಳಿ ಮುಗಿಸ್ತೀನಿ. ಮೊದಲು ಎಸ್‌ಟಿ, ಅಂದರೆ ಮಹಾರಾಷ್ಟ್ರದ ರಾಜ್ಯ ಸಾರಿಗೆಯೇ ಸಿಟಿ ಬಸ್ಸನ್ನೂ ಓಡಿಸುತ್ತಿತ್ತು. 2007ರಲ್ಲಿ ಮಹಾನಗರ ಪಾಲಿಕೆ ಖಾಸಗಿ ಕಂಪನಿಯ ಮೂಲಕ ಸ್ಟಾರ್ ಬಸ್ ತಂದಿತು. 2014ರ ಆಗಸ್ಟ್‌ನಲ್ಲಿ ಎಥನಾಲ್‌ನಿಂದ ಓಡುವ ಹಸಿರು ಬಸ್ಸಿನ ಪ್ರಯೋಗ ಭರ್ಜರಿಯಾಗಿ ಶುರುವಾಯಿತು. 2018ರಲ್ಲಿ ಆ ಸೇವೆ ನಿಂತಿತು. 2016ರ ಕೊನೆಯಿಂದ 'ಆಪಲಿ ಬಸ್', ಅಂದರೆ ನಮ್ಮ ಬಸ್, ಬೇರೆ ಬೇರೆ ಗುತ್ತಿಗೆದಾರರ ಕೈಯಲ್ಲಿ. ಇತ್ತೀಚೆಗೆ ಎಲೆಕ್ಟ್ರಿಕ್ ಬಸ್ಸುಗಳೂ ಸೇರಿವೆ. 2020ರಲ್ಲಿ ಮಹಿಳೆಯರಿಗೆ ಅಂತಲೇ 'ತೇಜಸ್ವಿನಿ' ಎಲೆಕ್ಟ್ರಿಕ್ ಬಸ್ ಬಂತು, ಎಣಿಸಿ ಬೆರಳೆಣಿಕೆಯಷ್ಟು. ಹೆಸರು, ಬಣ್ಣ, ಇಂಧನ ಎಲ್ಲ ಬದಲಾಯಿತು. ಎಷ್ಟು ನಿಮಿಷಕ್ಕೊಂದು ಬಸ್ ಬರುತ್ತೆ ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಅದರಲ್ಲೂ ತಮಾಷೆ ಅಂದರೆ ಪಾಲಿಕೆಯ ಹಳೆ ಟೌನ್ ಹಾಲ್ ಇರೋದು ಮಹಾಲಿನಲ್ಲೇ. ಬಸ್ಸು, ರಸ್ತೆ, ನೀರು ಅಂತ ಸದಸ್ಯರು ಎಷ್ಟೋ ವರ್ಷ ಗುದ್ದಾಡಿದ್ದು ಅಲ್ಲಿಯ ಸಭೆಗಳಲ್ಲೇ!

ಇಲ್ಲೊಂದು ಲೆಕ್ಕ ಮಾಡಿ ನೋಡಿ. ಮಹಾಲಿನಿಂದ ಮಿಹಾನ್‌ಗೆ ಕೆಲಸಕ್ಕೆ ಹೋಗೋ ಹುಡುಗಿಯೊಬ್ಬಳು ಇದ್ದಾಳೆ ಅಂದುಕೊಳ್ಳಿ. ಗಲ್ಲಿಯಿಂದ ಚೌಕಕ್ಕೆ ನಡಿಗೆ, ಅಲ್ಲಿಂದ ಮೆಟ್ರೊಗೆ ಇ-ರಿಕ್ಷಾ, ಆಕ್ವಾ ಮಾರ್ಗದಲ್ಲಿ ಸೀತಾಬರ್ಡಿ, ಅಲ್ಲಿ ಇಳಿದು ಕಿತ್ತಳೆ ಮಾರ್ಗ, ಖಾಪರಿಯಲ್ಲಿ ಇಳಿದು ಮತ್ತೊಂದು ವಾಹನ. ಎಲ್ಲೂ ದಾರಿ ಇಲ್ಲ ಅಂತಿಲ್ಲ, ಎಲ್ಲಾ ಇದೆ. ಆದರೆ ನಾಲ್ಕು ಕಡೆ ಕಾಯಬೇಕು, ಮೂರು ಕಡೆ ಜೇಬಿಗೆ ಕೈ ಹಾಕಬೇಕು, ರಾತ್ರಿ ಪಾಳಿಯಾದರೆ ನಾಲ್ಕು ಕಡೆ ಅಪ್ಪ-ಅಮ್ಮನಿಗೆ ಫೋನ್ ಮಾಡಬೇಕು. ಬಡ್ಡಿಯ ಮೇಲಾದರೂ ಒಂದು ಸ್ಕೂಟಿ ಕೊಂಡುಬಿಡೋಣ ಅಂತ ಮನೆಯಲ್ಲಿ ಮಾತು ಬಂದರೆ ಯಾರು ಬೇಡ ಅಂತಾರೆ? ಸ್ಕೂಟಿ ಬಂದ ಮೇಲೆ ಗಲ್ಲಿ ಇನ್ನೂ ಇಕ್ಕಟ್ಟಾಗುತ್ತೆ, ಬಸ್ಸಿಗೆ ಜನ ಇನ್ನೂ ಕಡಿಮೆಯಾಗುತ್ತಾರೆ. ಎಲ್ಲ ಹಳೆ ಪೇಟೆಗಳ ಗೋಳೂ ಇದೇ.

ಮೆಟ್ರೊದವರು ಜನರನ್ನು ಸೆಳೆಯೋಕೆ ಏನೂ ಮಾಡಲಿಲ್ಲ ಅಂತಲ್ಲ. ಸೈಕಲ್ ಒಳಗೆ ತರಬಹುದು ಅಂದರು, ಅದು ನಿಜಕ್ಕೂ ಒಳ್ಳೆಯ ಕೆಲಸ. ಬೋಗಿಯನ್ನೇ ಬಾಡಿಗೆಗೆ ಹಿಡಿದು ಹುಟ್ಟುಹಬ್ಬ ಮಾಡ್ಕೊಳ್ಳಿ ಅಂತಲೂ ಕರೆದರು! ಓಡೋ ರೈಲಿನಲ್ಲಿ ಕೇಕ್ ಕತ್ತರಿಸೋದು ಚೆನ್ನಾಗೇ ಇರುತ್ತೆ. ಮಹಾಲಿಗೆ ಬೇಕಾಗಿರೋದು ಮಾತ್ರ ಸ್ಟೇಷನ್ನಿಂದ ಬಡಕಸ್ ಚೌಕದ ತನಕ ಹತ್ತು ನಿಮಿಷಕ್ಕೊಂದು ಪುಟ್ಟ ಬಸ್.

ಇನ್ನೊಂದು ಉಪಾಯ ಅಂದರೆ ರಸ್ತೆಯನ್ನೇ ಅಗಲ ಮಾಡೋದು. ಮಹಾಲಿನ ಕೇಳೀಬಾಗ್ ರಸ್ತೆಯಲ್ಲಿ (ಕೇಳಿ ಅಂದರೆ ಮರಾಠಿಯಲ್ಲಿ ಬಾಳೆ, ಒಂದು ಕಾಲಕ್ಕೆ ಬಾಳೆತೋಟ ಇದ್ದಿರಬೇಕು) ಅಗಲೀಕರಣದ ಕೆಲಸ ವರ್ಷಗಟ್ಟಲೆ ಎಳೆಯಿತು. ಅಲ್ಲಿ ಅಂಗಡಿ ಅಂದರೆ ಕೆಳಗೆ ವ್ಯಾಪಾರ, ಮೇಲೆ ಮನೆ, ಹಿಂದೆ ಅಣ್ಣತಮ್ಮಂದಿರ ಪಾಲು. ಹತ್ತಡಿ ಬಿಟ್ಟುಕೊಡಿ ಅಂದರೆ ಒಂದು ಸಂಸಾರವನ್ನೇ ಎತ್ತಿಟ್ಟ ಹಾಗೆ. ಮಹಾಲಿನಿಂದ ಸ್ವಲ್ಪ ಆಚೆ ಅಶೋಕ ಚೌಕದಲ್ಲಿ 2025ರಲ್ಲಿ ನಡೆದದ್ದು ನೀವು ಟಿವಿಯಲ್ಲಿ ನೋಡಿರಬಹುದು. ಇಂದೋರಾ-ದಿಘೋರಿ ಫ್ಲೈಓವರ್ ಒಂದು ಮನೆಯ ಬಾಲ್ಕನಿಗೆ ತಗುಲಿಕೊಂಡೇ ಎದ್ದಿತ್ತು. ದೇಶವೆಲ್ಲ ನಕ್ಕಿತು. ಬಾಲ್ಕನಿ ತಪ್ಪೋ ಸೇತುವೆ ತಪ್ಪೋ ಅಂತ ವಾದ ನಡೆಯಿತು. ಕಾಲ್ನಡಿಗೆಯ ಊರಿನಲ್ಲಿ ಹೆದ್ದಾರಿಯ ಅಳತೆಯ ಸಾಮಾನು ತುರುಕಿದರೆ ಯಾವುದೋ ಒಂದು ಕಡೆ ಹೀಗೆ ತಗುಲಲೇಬೇಕು.

ಹಾಗಂತ ಮಹಾಲ್ ಚಕ್ರಗಳ ವೈರಿಯೇನೂ ಅಲ್ಲ. ಶ್ರಾವಣದ ಅಮಾವಾಸ್ಯೆಗೆ ಅಲ್ಲಿ ಪೋಳಾ ಹಬ್ಬ, ಎತ್ತುಗಳ ಪೂಜೆ. ನಮ್ಮ ಉತ್ತರ ಕರ್ನಾಟಕದ ಕಾರಹುಣ್ಣಿಮೆಯ ನೆಂಟ. ಮರುದಿನ ತಾನ್ಹಾ ಪೋಳಾ, ಮಕ್ಕಳ ಪೋಳಾ. ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿದರೆ ಅಲ್ಲಿ ಮರದ ಎತ್ತು, ಅದಕ್ಕೆ ನಾಲ್ಕು ಚಕ್ರ, ಹಗ್ಗ ಕಟ್ಟಿ ಮಕ್ಕಳು ಬೀದಿಯಲ್ಲಿ ಎಳೆದುಕೊಂಡು ಹೋಗುತ್ತವೆ. ಭೋಸಲೆಗಳ ಕಾಲದಲ್ಲಿ ಶುರುವಾದ ಪದ್ಧತಿ ಅನ್ನುತ್ತಾರೆ. ಅದೇ ದಿನ ಹಳೆ ಊರಿನಲ್ಲಿ ಮಾರಬತ್ ಮೆರವಣಿಗೆ. 1880ರ ದಶಕದಿಂದ ಬಂದದ್ದು. ಕರಿ ಮಾರಬತ್, ಹಳದಿ ಮಾರಬತ್ ಅನ್ನೋ ದೊಡ್ಡ ಬೊಂಬೆಗಳನ್ನು ಹೊತ್ತು, ಊರಿನ ರೋಗ-ರುಜಿನ, ಕೇಡು ಎಲ್ಲ ತೊಲಗಲಿ ಅಂತ ಕೂಗುತ್ತಾ ಹೋಗುತ್ತಾರೆ. ಆ ವರ್ಷ ಜನಕ್ಕೆ ಯಾರ ಮೇಲೆ ಸಿಟ್ಟಿದೆಯೋ ಅವರ ಬೊಂಬೆಯೂ ಜೊತೆಗೆ. ಆವತ್ತು ಬಸ್ಸೂ ಇಲ್ಲ, ಆಟೊವೂ ಇಲ್ಲ, ಬೀದಿ ಪೂರ್ತಿ ನಡೆಯುವವರದ್ದು.

ಬೀದಿ ಬೇರೆ ರೀತಿಯಲ್ಲೂ ಖಾಲಿಯಾಗಿದ್ದುಂಟು. 2025ರ ಮಾರ್ಚ್ 17ರ ಸಂಜೆ ಮಹಾಲ್‌ನಲ್ಲಿ ಗಲಭೆ ಎದ್ದು, ಊರಿನ ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. ಪೂರ್ತಿ ತೆಗೆಯೋಕೆ ಹಲವು ದಿನ ಹಿಡಿಯಿತು. ರಾಜಕೀಯ ನಮ್ಮ ಕೆಲಸ ಅಲ್ಲ, ಅದು ಬೇಡ. ಆದರೆ ಇಂಥ ಹೊತ್ತಿನಲ್ಲಿ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡೋರಿಗೂ, ಗಾಂಧಿಬಾಗ್‌ನಲ್ಲಿ ಮೂಟೆ ಹೊರೋರಿಗೂ, ದಿನದ ಬಾಡಿಗೆಗೆ ರಿಕ್ಷಾ ಓಡಿಸೋರಿಗೂ ವ್ಯತ್ಯಾಸ ಇದೆ. ಚಕ್ರ ತಿರುಗದ ದಿನ ಒಲೆ ಹತ್ತದ ಮನೆಗಳು ಹಳೆ ಪೇಟೆಗಳಲ್ಲೇ ಹೆಚ್ಚು.

ಅಂದ ಹಾಗೆ, ಡಿಸೆಂಬರಿನಲ್ಲಿ ನಾಗಪುರಕ್ಕೆ ಹೋಗೋದಿದ್ದರೆ ಸ್ವಲ್ಪ ವಿಚಾರಿಸಿಕೊಂಡು ಹೊರಡಿ. ಬೆಳಗಾವಿಯ ಸುವರ್ಣಸೌಧದ ಹಾಗೆ ಅಲ್ಲೂ ಚಳಿಗಾಲದ ಅಧಿವೇಶನ ಸೇರುತ್ತೆ. ಸಿವಿಲ್ ಲೈನ್ಸ್ ಕಡೆ ಮೋರ್ಚಾ, ಬ್ಯಾರಿಕೇಡು, ಬಸ್ಸುಗಳ ದಾರಿ ಬದಲು. ಆಗ ಮಾತ್ರ ಪಶ್ಚಿಮದವರಿಗೂ ಮಹಾಲಿನವರ ಕಷ್ಟ ಒಂದೆರಡು ವಾರದ ಮಟ್ಟಿಗೆ ಅರ್ಥವಾಗುತ್ತೆ!

ಮೆಟ್ರೊದ ಎರಡನೇ ಹಂತಕ್ಕೆ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. 43.8 ಕಿಲೋಮೀಟರ್, 32 ಸ್ಟೇಷನ್, 6,708 ಕೋಟಿ ರೂಪಾಯಿ. ಉತ್ತರಕ್ಕೆ ಕನ್ಹಾನ್, ದಕ್ಷಿಣಕ್ಕೆ ಬುಟಿಬೋರಿಯ ಕೈಗಾರಿಕಾ ಪ್ರದೇಶ, ಪಶ್ಚಿಮಕ್ಕೆ ಹಿಂಗಣಾ, ಪೂರ್ವಕ್ಕೆ ಟ್ರಾನ್ಸ್‌ಪೋರ್ಟ್ ನಗರ. ನಾಲ್ಕೂ ದಿಕ್ಕಿಗೆ ಹೊರಗೇ. ಕೆಲಸ ಎಲ್ಲಿಗೆ ಓಡಿದೆಯೋ ಹಳಿ ಅಲ್ಲಿಗೆ ಬೆನ್ನಟ್ಟಿಕೊಂಡು ಹೋಗ್ತಿದೆ, ಅದು ಸರಿಯೇ. ಮಹಾಲಿನವರು ಆ ಹಳಿ ತಲುಪೋ ಒಂದು ಕಿಲೋಮೀಟರ್ ಮಾತ್ರ ಯಾವ ಹಂತದಲ್ಲೂ ಇಲ್ಲ.

ನಿಮ್ಮ ಕೇರಿಗೂ ಹೀಗೊಂದು ಕಥೆ ಇರಬಹುದು. ಸ್ಟಾಪ್ ಇದ್ದೂ ನಿಲ್ಲದ ಬಸ್ಸು, ಗಲ್ಲಿಯ ಬಾಯಲ್ಲೇ ತಿರುಗಿಸಿಕೊಂಡು ಹೋಗುವ ಆಟೊ, ಮನೆ ಮೇಲೇ ಹಾದರೂ ಹತ್ತೋಕೆ ದೂರ ನಡೆಯಬೇಕಾದ ಮೆಟ್ರೊ. ಒಂದು ಪುಟದಲ್ಲಿ ಬರೆದು ಕನ್ನಡ ವಿಭಾಗಕ್ಕೆ ಕಳಿಸಿ, ಮುಂದಿನ ಕಾರ್ಯಕ್ರಮದಲ್ಲಿ ಓದೋಣ. ಬಸ್ಸಿನದಾದರೆ ರೂಟ್ ನಂಬರ್ ಬರೆಯೋದು ಮರೀಬೇಡಿ.